ನಾಲೆ ಏರಿಯ ಮೇಲೆ ಮೂರು ದಿನ

ಹೊಳೆ ತಗ್ಗು ಹುಡುಕಿ ಓಡುತ್ತದೆ. ನಾಲೆ ಹಾಗಲ್ಲ; ಎತ್ತರ ಬಿಟ್ಟುಕೊಡದೆ ದಿಬ್ಬಗಳ ಮಗ್ಗುಲು ಹಿಡಿದು ಸುತ್ತಿಕೊಂಡು ಹೋಗುತ್ತದೆ. ಆದ್ದರಿಂದಲೇ ನಾಲೆಯ ಏರಿ ಸೈಕಲ್‌ಗೆ ಹೇಳಿ ಮಾಡಿಸಿದ ದಾರಿ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಮಂಡ್ಯದ ಗದ್ದೆಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಯನ್ನು ಅನುಸರಿಸಿ ಮದ್ದೂರು ಸೇರಲು ಮೂರು ದಿನ ಇಟ್ಟುಕೊಳ್ಳಿ. ಬಲವಿದ್ದವರು ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಹಾಗೆ ಮಾಡಿದರೆ ನೋಡಿದಂತಾಗುವುದಿಲ್ಲ.

ಮೊದಲು ನೀರಿನ ಸಮಾಚಾರ ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಟ್ಟರೆ ಉಂಟು, ಇಲ್ಲವಾದರೆ ನಾಲೆ ಒಣಗಿರುತ್ತದೆ. ಮಳೆ ಹಿಡಿದಾಗ ಏರಿಯ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ಹೊರಬೇಕಾಗುತ್ತದೆ. ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ.

ಸೈಕಲ್ ತೀರಾ ದುಬಾರಿಯದು ಬೇಕಿಲ್ಲ, ಅಗಲ ಟೈರಿನದಾಗಿದ್ದರೆ ಸಾಕು. ಏರಿಯುದ್ದಕ್ಕೂ ಜಾಲಿ ಮುಳ್ಳು. ಎರಡು ಟ್ಯೂಬ್, ಪ್ಯಾಚ್, ಕೈಪಂಪು ಜೊತೆಗಿರಲಿ. ನಿಮ್ಮದು ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಅಡಾಪ್ಟರ್ ಮರೆಯಬೇಡಿ. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ಅದಕ್ಕೆ ಕೂರುವುದಿಲ್ಲ. ಬೆಲ್ ಕಡ್ಡಾಯ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಸೈಕಲ್ ಬಿಡುವುದಿಲ್ಲ. ಬೆಂಗಳೂರಿನಿಂದ ಬರುವವರು ರೈಲಿನಲ್ಲಿ ಲಗೇಜಾಗಿ ಬುಕ್ ಮಾಡಿ ಮೈಸೂರಿನಲ್ಲೇ ಇಳಿಸಿಕೊಳ್ಳಿ; ಸಣ್ಣ ನಿಲ್ದಾಣಗಳಲ್ಲಿ ಇಳಿಸುವಷ್ಟು ಹೊತ್ತು ಗಾಡಿ ನಿಲ್ಲುವುದಿಲ್ಲ. ಅಲ್ಲಿಂದ ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್., ಸುಮಾರು 20 ಕಿ.ಮೀ.

ಮೊದಲ ದಿನ ಪಾಂಡವಪುರದವರೆಗೆ ಸಾಕು. ಸಂಜೆಗೆ ಕುಂತಿಬೆಟ್ಟವಿದೆ, ಕಾಲಲ್ಲಿ ಶಕ್ತಿ ಉಳಿದಿದ್ದರೆ ತೊಣ್ಣೂರು ಕೆರೆಯಿದೆ. ಏರಿಯ ಮೇಲೆ ಡೇರೆ ಹಾಕಬೇಡಿ, ಲಾಡ್ಜ್‌ನಲ್ಲಿ ಮಲಗಿ.

ಎರಡನೆಯ ದಿನದ ದಾರಿ ನನಗೆ ಅಚ್ಚುಮೆಚ್ಚು. ಹುಲಿಕೆರೆ ಬಳಿ ನಾಲೆ ದಿಬ್ಬದೊಳಗೆ ಹೊಕ್ಕು, ಮೂರು ಕಿ.ಮೀ.ಗೆ ತುಸು ಕಡಿಮೆ ಉದ್ದದ ಸುರಂಗದಲ್ಲಿ ಮರೆಯಾಗುತ್ತದೆ. ಅಷ್ಟು ಹೊತ್ತು ಜೊತೆಗಿದ್ದ ನೀರು ಕಾಣದಾದಾಗ ದಾರಿಯೇ ತಪ್ಪಿದಂತಾಗುತ್ತದೆ. ಗಾಬರಿ ಬೇಡ. ಊರವರನ್ನು ಕೇಳಿ ಮೇಲಿನ ದಾರಿಯಲ್ಲಿ ಬಳಸಿ ಹೋಗಿ. ಆಚೆ ನಾಲೆ ಮತ್ತೆ ಸಿಗುತ್ತದೆ, ಕವಲೊಡೆಯುತ್ತದೆ. ಹಿಂದೆ ವೈಸ್‌ರಾಯ್ ಇರ್ವಿನ್ ಹೆಸರಿದ್ದ ನಾಲೆಯಿದು. ಈ ನೀರು ಬಂದ ಮೇಲೆಯೇ ಕಬ್ಬು ಹಬ್ಬಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು. ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ಇಳಿದು, ಕೇಳಿಕೊಂಡು ಒಳಗೆ ಹೋಗಿ. ಕೊಪ್ಪರಿಗೆಯಿಂದ ಆಗಷ್ಟೇ ಇಳಿದ ಬಿಸಿ ಬೆಲ್ಲದ ರುಚಿಗೆ ಪೇಟೆಯ ಯಾವ ಸಿಹಿಯೂ ಸಾಟಿಯಲ್ಲ. ರಾತ್ರಿಗೆ ಮಂಡ್ಯ.

ನೀರಿಗೆ ಮಾತ್ರ ಇಳಿಯಬೇಡಿ. ಮೇಲೆ ತೆಪ್ಪಗೆ ಕಾಣುವ ನಾಲೆಗೆ ಒಳಗೆ ಭಾರಿ ಸೆಳೆತ. ಇಳಿಜಾರು ಗೋಡೆಗೆ ಪಾಚಿ ಕಟ್ಟಿರುವ ಕಡೆ ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗದು. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ಪ್ರಾಣ ಕಳೆದುಕೊಂಡರು. ತಡೆಗೋಡೆ ಇಲ್ಲದ ಕಡೆ ನೀರಿನಿಂದ ದೂರದ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ತುಳಿಯಿರಿ. ಕತ್ತಲಾಗುವ ಮೊದಲೇ ಏರಿ ಬಿಟ್ಟು ಊರು ಸೇರಿ.

ಮೂರನೆಯ ದಿನ ಮದ್ದೂರು ಕಡೆಗೆ ಹೋಗುವ ಶಾಖಾ ನಾಲೆ, ಹಳ್ಳಿ ರಸ್ತೆ ಎರಡನ್ನೂ ಬೆರೆಸಿಕೊಳ್ಳಿ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ರೈತರು ಹುರುಳಿ, ರಾಗಿ ಹರಡಿರುತ್ತಾರೆ. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಬ್ರೇಕ್ ಹಿಡಿದರೆ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಅದು ಅವರ ಕಣ. ನಾಲೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಹೆಂಗಸರಿದ್ದರೆ ದೂರದಿಂದಲೇ ಬೆಲ್ ಮಾಡಿ, ಮೊಬೈಲ್ ಹೊರತೆಗೆಯಬೇಡಿ. ಕಬ್ಬಿನ ಗಾಡಿ ಬಂದರೆ ನೀವೇ ಪಕ್ಕಕ್ಕೆ ನಿಲ್ಲಿ; ಹೇರು ಹೊತ್ತ ಎತ್ತು ನಿಂತರೆ ಮತ್ತೆ ಹೊರಡುವುದು ಕಷ್ಟ. ಮಧ್ಯಾಹ್ನದ ಹೊತ್ತಿಗೆ ಮದ್ದೂರು ತಲುಪುತ್ತೀರಿ, ಅಲ್ಲಿನ ಮದ್ದೂರು ವಡೆಗೆ ಸರಿಯಾದ ಹಸಿವೂ ಆಗಿರುತ್ತದೆ.