ಬಿಷಪರ ಅಡ್ಡಹೆಸರು, ನಮ್ಮ ಮನೆಯ ಅಡ್ಡಹೆಸರು



ಮೈಸೂರಿಗೆ ಹೋದ ನಮ್ಮ ಜನ ಸಂತ ಫಿಲೋಮಿನಾ ದೇವಾಲಯವನ್ನು ನೋಡದೆ ಬರುವುದಿಲ್ಲ. ಅದರ ಅಡಿಗಲ್ಲನ್ನು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇಟ್ಟರೆಂಬುದು ಅನೇಕರಿಗೆ ಗೊತ್ತು. ಆಗ ಮೈಸೂರಿನ ಬಿಷಪರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅವರ ಹೆಸರು ಮೊರಿಸ್ ದೆಪಾತ್ಯೂರ್. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಫ್ರೆಂಚ್ ಗುರುಗಳು. 1922ರಲ್ಲಿ ಮೈಸೂರಿನ ಬಿಷಪರಾದರು. 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾದಾಗ ಅದರ ಹೊಣೆ ಹೊತ್ತು 1942ರಲ್ಲಿ ತೀರಿಕೊಂಡರು.

ಈ ವಾರ ನಾನು ಅವರ ಚರಿತ್ರೆ ಹೇಳುವುದಿಲ್ಲ. ಅವರ ಅಡ್ಡಹೆಸರನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಏಳುತ್ತಿರುವ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ.

ದೆಪಾತ್ಯೂರ್ ಎಂದರೆ ‘ಹುಲ್ಲುಗಾವಲುಗಳ ಕಡೆಯವರು’. ಬೆಲ್ಜಿಯಂ ಗಡಿಗೆ ತಾಗಿದ ಉತ್ತರ ಫ್ರಾನ್ಸಿನ ಹೆಸರು ಅದು. ಊರ ಹೊರಗಿನ ದನ ಮೇಯುವ ಬಯಲಿನ ಪಕ್ಕ ಯಾವುದೋ ಒಂದು ಮನೆ ಇತ್ತು, ಆ ಮನೆಯವರನ್ನು ಊರವರು ಹಾಗೆ ಕರೆದರು, ಕರೆದದ್ದೇ ಉಳಿಯಿತು. ಬರೆಯುವಾಗ ಈ ಹೆಸರಿನ ನಡುವೆ ಒಂದು ‘ಸ’ ಅಕ್ಷರ ಇದೆ, ಓದುವಾಗ ಇಲ್ಲ. ಹುಲ್ಲುಗಾವಲಿಗೆ ಹಳೆಯ ಫ್ರೆಂಚಿನಲ್ಲಿ ‘ಪಾಸ್ತ್ಯೂರ್’ ಎನ್ನುತ್ತಿದ್ದರು. ಇಂದಿನ ಫ್ರೆಂಚಿನಲ್ಲಿ ಅದು ‘ಪಾತ್ಯೂರ್’. ‘ಸ’ ಬರವಣಿಗೆಯಿಂದಲೂ ಬಿದ್ದುಹೋಗಿದೆ. ಅಡ್ಡಹೆಸರಿನ ನಡುವೆ ಉಳಿದಿರುವ ‘ಸ’ ಅದಲ್ಲ, ‘ದೆ’ ಎಂಬ ಮೊದಲ ಭಾಗಕ್ಕೆ ಸೇರಿದ್ದು. ನಮ್ಮ ಬಾಯಲ್ಲಿರುವ ‘ಪಾಸ್ಟರ್’ ಎಂಬ ಮಾತೂ ಇದೇ ಲತೀನ್ ಬೇರಿನದು: ಕುರಿ ಮೇಯಿಸುವವನು. ಬಿಷಪರ ಕೈಯಲ್ಲಿ ಕುರುಬನ ಕೋಲು, ಹೆಸರಿನಲ್ಲಿ ಹುಲ್ಲುಗಾವಲು. ಇದು ಕಾಕತಾಳೀಯ ಇರಬಹುದು, ಆದರೂ ನನಗೆ ಹಿಡಿಸಿತು.

ಮೈಸೂರು ಸೀಮೆಗೆ ಬಂದ ಇತರ ಫ್ರೆಂಚ್ ಗುರುಗಳ ಹೆಸರುಗಳನ್ನೂ ಬಿಡಿಸಿ ನೋಡಿ. 1792ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯಲ್ಲಿ ಸಿಡುಬಿಗೆ ದೇವಿ ಹಾಕಿಸಿ ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡ ಅಬೆ ದ್ಯುಬ್ವಾ: ಅವರ ಹೆಸರಿಗೆ ‘ಕಾಡಿನವರು’ ಎಂದರ್ಥ. 1880ರಿಂದ 1890ರವರೆಗೆ ಮೈಸೂರು ಮಿಷನ್ ನೋಡಿಕೊಂಡ ಬಿಷಪ್ ಕೊಆದು ಅವರ ಹೆಸರಿಗೂ ಕಾಡು ಎಂದೇ ಅರ್ಥ. ಆದರೆ ಅದು ಫ್ರೆಂಚ್ ಅಲ್ಲ, ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರೆತೋನ್ ಭಾಷೆ. ಅವರಿಗೂ ಮೊದಲು, 1873ರವರೆಗೆ ಇದ್ದ ಬಿಷಪ್ ಶಾರ್ಬೊನೊ ಅವರ ಹೆಸರು ಇದ್ದಿಲಿನಿಂದ ಬಂದದ್ದು. ಪೂರ್ವಜರು ಇದ್ದಿಲು ಸುಡುವವರಿದ್ದರೋ, ಮೈಬಣ್ಣ ನೋಡಿ ಕರೆದರೋ, ನಮ್ಮ ಕರಿಯಪ್ಪ ಎಂಬ ಹೆಸರಿನ ಹಾಗೆ ಎರಡೂ ಆಗಬಹುದು. ಶೆವಾಲಿಯೆ ಎಂದರೆ ಕುದುರೆ ಸವಾರ. ದೆಪಾತ್ಯೂರ್ ಅವರಿಗಿಂತ ಮುಂಚೆ ಬಿಷಪರಾಗಿದ್ದ ತೆಸ್ಸಿಯೆ ಅವರ ಹೆಸರಿಗೆ ನೇಕಾರ ಎಂದರ್ಥ.

ಅಂದರೆ ಬಟ್ಟೆ ನೇಯುವವರು, ಇದ್ದಿಲಿನವರು, ಕಾಡಿನವರು, ಹುಲ್ಲುಗಾವಲಿನವರು. ಬಿಷಪರಾದರೂ ಹೆಸರುಗಳು ಊರಮನೆಯವೇ! ನಮ್ಮ ಕಡೆಯ ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ ಎಂಬ ಹೆಸರುಗಳ ಪಕ್ಕ ಇಟ್ಟರೆ ಒಂದೇ ಸಾಲಿನಲ್ಲಿ ಕೂರುತ್ತವೆ. ಕುಷ್ಟಗಿ, ಮಾನ್ವಿ, ಮಸ್ಕಿ, ಮುದಗಲ್ ಎಂದು ಊರನ್ನೇ ಅಡ್ಡಹೆಸರು ಮಾಡಿಕೊಂಡವರಿದ್ದಾರೆ. ಗಮನಿಸಿ: ಮುದಗಲ್ಲಿನಲ್ಲೇ ಇರುವವರನ್ನು ಯಾರೂ ಮುದಗಲ್ ಎಂದು ಕರೆಯುವುದಿಲ್ಲ. ಊರು ಬಿಟ್ಟು ಬೇರೆ ಕಡೆ ನೆಲೆಸಿದವರಿಗೇ ಆ ಹೆಸರು. ಊರಿನ ಅಡ್ಡಹೆಸರು ಎಂದರೆ ಯಾರೋ ಒಬ್ಬ ಅಜ್ಜ ಗಂಟುಮೂಟೆ ಕಟ್ಟಿಕೊಂಡು ಹೊರಟದ್ದರ ಗುರುತು.

ಫ್ರಾನ್ಸಿನಲ್ಲಿ ಈ ಹೆಸರುಗಳು ಗಟ್ಟಿಯಾಗಿ ನಿಂತದ್ದರಲ್ಲಿ ಧರ್ಮಸಭೆಯ ಪಾಲು ದೊಡ್ಡದು. 1539ರಲ್ಲಿ ಅಲ್ಲಿನ ದೊರೆ ಒಂದನೇ ಫ್ರಾನ್ಸಿಸ್, ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷಾಸ್ನಾನದ ದಫ್ತರ ಇಡಬೇಕೆಂದು ಆಜ್ಞೆ ಮಾಡಿದ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹದ ದಫ್ತರವನ್ನು ಎಲ್ಲೆಡೆ ಕಡ್ಡಾಯ ಮಾಡಿತು. ಗುರುಗಳು ತಂದೆಯ ಹೆಸರಿನೊಂದಿಗೆ ಬರೆದದ್ದೇ ಮಗನಿಗೂ ಮೊಮ್ಮಗನಿಗೂ ಇಳಿಯಿತು. ಬಾಯಲ್ಲಿ ಬದಲಾಗುತ್ತಿದ್ದ ಹೆಸರು ಕಾಗದದ ಮೇಲೆ ನಿಂತಿತು. ಕೊನೆಗೆ 1794ರಲ್ಲಿ, ಜನನದ ದಾಖಲೆಯಲ್ಲಿರುವ ಹೆಸರನ್ನು ಬಿಟ್ಟು ಬೇರೆ ಇಟ್ಟುಕೊಳ್ಳಬಾರದೆಂದು ಅಲ್ಲಿ ಕಾನೂನೇ ಬಂತು.

ಆ ದೇಶದ ಅಂಕಿಅಂಶ ಇಲಾಖೆ 1891ರಿಂದ 2000ದವರೆಗಿನ ಜನನಗಳನ್ನು ಅಡ್ಡಹೆಸರಿನ ಪ್ರಕಾರ ಎಣಿಸಿ ಪಟ್ಟಿ ಮಾಡಿದೆ. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಅಡ್ಡಹೆಸರುಗಳಿವೆ. ಎಲ್ಲಕ್ಕಿಂತ ಹೆಚ್ಚು ಜನ ಇಟ್ಟುಕೊಂಡದ್ದು ಮಾರ್ತಿನ್, ಅಂದರೆ ಅರ್ಧ ಮೇಲಂಗಿಯನ್ನು ಭಿಕ್ಷುಕನಿಗೆ ಕೊಟ್ಟ ತೂರ್ ಊರಿನ ಸಂತ ಮಾರ್ಟಿನರ ಹೆಸರು. ದ್ಯುಬ್ವಾ ಕೂಡ ಮೇಲಿನ ಸಾಲಿನಲ್ಲೇ ಇದೆ. ಕಾಡಿನ ಪಕ್ಕದ ಮನೆ ಎಲ್ಲ ಊರಲ್ಲೂ ಇರುತ್ತದಲ್ಲವೇ! ದೆಪಾತ್ಯೂರ್ ಅಂಥದಲ್ಲ. ಅದು ಅಪರೂಪದ ಹೆಸರುಗಳ ಗುಂಪಿಗೆ ಸೇರುತ್ತದೆ. ಕೆಲವೇ ಮನೆಗಳಲ್ಲಿ ಹುಟ್ಟಿದ ಹೆಸರು ಕೆಲವೇ ಮನೆಗಳಲ್ಲಿ ಉಳಿದಿದೆ.

ಅಪರೂಪದ ಹೆಸರು ಅಳಿದುಹೋಗುವುದು ಹೇಗೆ ಎಂಬುದನ್ನು ಗಣಿತದವರೂ ಲೆಕ್ಕ ಹಾಕಿದ್ದಾರೆ. ಬಿಯೆನೆಮೆ ಎಂಬ ಫ್ರೆಂಚರು 1845ರಲ್ಲಿ, ಇಂಗ್ಲೆಂಡಿನ ಗಾಲ್ಟನ್ ಮತ್ತು ವಾಟ್ಸನ್ ಎಂಬವರು 1870ರ ದಶಕದಲ್ಲಿ ಈ ಪ್ರಶ್ನೆಯನ್ನು ಬಿಡಿಸಿದರು. ವಿಷಯ ಸರಳ. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದೆ ಹೋಗುವುದಾದರೆ, ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ, ಮಕ್ಕಳಿಲ್ಲದ ಮನೆಯಲ್ಲಿ ಅದು ನಿಂತುಹೋಗುತ್ತದೆ. ಸಾವಿರ ಮನೆಗಳಿರುವ ಹೆಸರಿಗೆ ಅದರಿಂದ ಏನೂ ಆಗದು; ಮೂರೇ ಮನೆಗಳಿದ್ದರೆ ಎರಡು ತಲೆಮಾರಿನಲ್ಲಿ ಮುಗಿಯಬಹುದು. ಮಕ್ಕಳಿಗೆ ತಾಯಿಯ ಹೆಸರನ್ನೂ ಇಡಬಹುದೆಂಬ ಕಾನೂನು ಫ್ರಾನ್ಸಿನಲ್ಲಿ ಜಾರಿಗೆ ಬಂದದ್ದು 2005ರಲ್ಲಿ.

ಮಿಷನರಿ ಗುರುಗಳ ಮಾತಂತೂ ಹೇಳಬೇಕಿಲ್ಲ. ಬ್ರಹ್ಮಚರ್ಯದ ವಚನ ಕೊಟ್ಟವರ ಅಡ್ಡಹೆಸರು ಅವರೊಂದಿಗೇ ಮಣ್ಣಾಗುತ್ತದೆ. ಆದರೂ ಅದನ್ನು ಮುಂದುವರಿಸಲು ಅವರಿಗೆ ಒಂದು ದಾರಿ ಇತ್ತು. ಅದನ್ನು ಅವರು ಹಿಡಿಯಲಿಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ.

ಗೋವೆಯಲ್ಲಿ ಪೋರ್ತುಗೀಸರ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಜ್ಞಾನಪಿತನ ಅಥವಾ ಗುರುಗಳ ಅಡ್ಡಹೆಸರನ್ನು ಕೊಡುವ ರೂಢಿ ಇತ್ತು. ಮಂಗಳೂರು ಕಡೆಯ ಸೋದರರ ಡಿಸೋಜ, ಪಿರೇರಾ, ಲೋಬೊ, ಫೆರ್ನಾಂಡಿಸ್ ಹೀಗೆ ಬಂದವು. ಇವುಗಳಿಗೂ ಊರಮನೆಯ ಅರ್ಥಗಳೇ: ಸೋಜ ಪೋರ್ತುಗಲ್ಲಿನ ಒಂದು ನದಿ, ಪಿರೇರಾ ಒಂದು ಹಣ್ಣಿನ ಮರ, ಲೋಬೊ ಎಂದರೆ ತೋಳ, ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ. ಸಂತರ ಪಟ್ಟಿಯಿಂದ ಇಳಿದು ಬಂದ ಅಡ್ಡಹೆಸರುಗಳಲ್ಲ. ಶತಮಾನಗಳಿಂದ ಇಟ್ಟುಕೊಂಡು, ಅದಕ್ಕಾಗಿ ಕಷ್ಟವನ್ನೂ ಉಂಡ ಮೇಲೆ ಅವು ಆ ಮನೆಗಳ ಸ್ವಂತ ಹೆಸರುಗಳೇ ಆಗಿವೆ. ಅದರಲ್ಲಿ ತಕರಾರಿಲ್ಲ.

ಮೈಸೂರು ಸೀಮೆಯ ಫ್ರೆಂಚ್ ಗುರುಗಳು ಬೇರೆ ದಾರಿ ಹಿಡಿದರು. ದೊಡ್ಡ ಸ್ವಾಮಿಯವರು ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯನ್ನೇ ಕಟ್ಟಿದರು. ಆದರೆ ಆ ಜನರನ್ನು ದ್ಯುಬ್ವಾ ಎಂದು ಬರೆಸಲಿಲ್ಲ. ದೆಪಾತ್ಯೂರ್ ಬಿಷಪರು ಇಪ್ಪತ್ತು ವರ್ಷ ಎಷ್ಟೋ ಮಕ್ಕಳಿಗೆ ದೃಢೀಕರಣ ಕೊಟ್ಟರು. ಆ ಮಕ್ಕಳು ತಮ್ಮ ಮನೆಯ ಹೆಸರಿನಲ್ಲೇ ಉಳಿದರು. ಅಲ್ಲಿನ ಹಳ್ಳಿಗಳಲ್ಲಿ ಸಂತರ ಹೆಸರುಗಳೇ ನಮ್ಮ ಮಾತಿಗೆ ಇಳಿದವು. ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಯೊವಾನ್ನ ಅರುಳಪ್ಪನಾದ, ಇಗ್ನಾಸಿ ಇನ್ನಾಸಪ್ಪನಾದ. ಪೌಲ ಎಂದರೆ ಲತೀನಿನಲ್ಲಿ ‘ಚಿಕ್ಕವನು’. ತಮಿಳಿನಲ್ಲಿ ಅದು ಚಿನ್ನಪ್ಪ ಆಗಿ ನಮ್ಮಲ್ಲಿಗೆ ಬಂತು. ಇಂಥ ಹೆಸರಿನ ಅಜ್ಜಂದಿರ ವಿಶ್ವಾಸ ಯಾರಿಗಿಂತ ಕಡಿಮೆ ಇತ್ತು?

ನಮ್ಮ ರಾಯಚೂರು ಸೀಮೆಗೆ ಬರೋಣ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್ ಶಾಹಿಗಳ ಕಾಲದಿಂದಲೂ ಕಥೋಲಿಕರಿದ್ದಾರೆ. ಅಲ್ಲಿ ಪೋರ್ತುಗೀಸರ ಆಡಳಿತ ಇರಲಿಲ್ಲ. ಸಿಂಧನೂರು ಕಡೆ ಹೋದರೆ ಒಂದೇ ತಾಲ್ಲೂಕಿನಲ್ಲಿ ಹೆಸರಿನ ನಾನಾ ಪದ್ಧತಿಗಳು ಸಿಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಮನೆತನದ ಹೆಸರನ್ನು, ಅಂದರೆ ‘ಇಂಟಿಪೇರು’, ತಮ್ಮ ಹೆಸರಿಗಿಂತ ಮೊದಲು ಇಟ್ಟುಕೊಳ್ಳುತ್ತಾರೆ. ಕನ್ನಡದವರ ಅಡ್ಡಹೆಸರು ಕೊನೆಗೆ. ಬಾಂಗ್ಲಾ ನಿರಾಶ್ರಿತರ ಕ್ಯಾಂಪುಗಳಲ್ಲಿ ಬಿಸ್ವಾಸ್ ಎಂಬವರಿದ್ದರೆ ಅದು ನಮ್ಮ ‘ವಿಶ್ವಾಸ’ ಎಂಬ ಪದವೇ. ಹಿಂದೆ ಲೆಕ್ಕಪತ್ರ ನೋಡುವ ನಂಬಿಕಸ್ಥರಿಗೆ ಕೊಡುತ್ತಿದ್ದ ಬಿರುದು. ಶಾಲೆಯ ಅರ್ಜಿಯಲ್ಲಿ ‘ಕೊನೆಯ ಹೆಸರು’ ಎಂಬ ಒಂದೇ ಖಾನೆಯಲ್ಲಿ ಇವರೆಲ್ಲರನ್ನೂ ಕೂರಿಸಬೇಕು ಎಂದಾಗಲೇ ಗೋಜಲು ಶುರುವಾಗುವುದು.

“ಫಾದರ್, ನಮ್ಮ ಹುಡುಗನ ಹೆಸರಿನ ಮುಂದ ಡಿಸೋಜ ಅಂತ ಬರೀರಲ್ಲ, ಅಂದ್ರ ಕಥೋಲಿಕರು ಅಂತ ಗೊತ್ತಾಗ್ತದ” ಎಂದು ಮಗುವಿನ ದೀಕ್ಷಾಸ್ನಾನಕ್ಕೆ ಬಂದ ತಂದೆಯರು ಕೇಳುತ್ತಾರೆ. ಹಾಗೆ ಕೇಳುವವರನ್ನು ನೋಡಿ ನಗಬೇಡಿ. ಆ ಮಾತಿನ ಹಿಂದೆ ನೋವು ಇದೆ. ಹೆಸರು ಕೇಳಿ ಜಾತಿ ಅಳೆಯುವ ಸಮಾಜ ನಮ್ಮದು. ಎಷ್ಟೋ ಮನೆಗಳಿಗೆ ಊರ ಗೌಡರು ಗೌರವದ ಅಡ್ಡಹೆಸರನ್ನೇ ಬಿಟ್ಟುಕೊಡಲಿಲ್ಲ. ತಿಪ್ಪ, ಕರಿಯ ಎಂದು ಕೂಗಿದರು. ಆ ಹೆಸರು ತೊಳೆದುಹೋಗಲಿ ಎಂಬ ಆಸೆ ತಪ್ಪಲ್ಲ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಕ್ರೈಸ್ತ ಹೆಸರಿದ್ದರೆ ಸವಲತ್ತು ಹೋದೀತೆಂದು ಶಾಲೆಯಲ್ಲಿ ಒಂದು, ದೇವಾಲಯದಲ್ಲಿ ಒಂದು ಹೆಸರು ಬರೆಸುತ್ತಾರೆ. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿರುವಾಗ ಆ ಭಯಕ್ಕೆ ಕಾರಣವಿಲ್ಲ ಎಂದು ಹೇಳಲಾರೆ. ಆದರೆ ಆ ಅನ್ಯಾಯವನ್ನು ಮಗುವಿನ ಎರಡು ಹೆಸರು ಸರಿಪಡಿಸುವುದಿಲ್ಲ.

ಈಗ ಶುಭಸಂದೇಶವನ್ನು ತೆರೆದು ಹೆಸರುಗಳನ್ನಷ್ಟೇ ಓದಿ. ಅರಿಮತ್ಯದ ಜೋಸೆಫ್, ಮಗ್ದಲದ ಮರಿಯ: ಊರಿನ ಅಡ್ಡಹೆಸರು. ಬಾರ್ತಲೋಮಾಯ ಎಂದರೆ ತೊಲ್ಮಾಯನ ಮಗ: ತಂದೆಯ ಹೆಸರು. ಸುಂಕದ ಮತ್ತಾಯ: ಕಸುಬು. ಕುಷ್ಠರೋಗಿ ಸಿಮೋನ: ಊರವರು ಅಂಟಿಸಿದ್ದು. ನಮ್ಮಲ್ಲಿರುವ ಬಗೆಗಳೆಲ್ಲ ಅಲ್ಲಿಯೂ ಇವೆ. ಪ್ರಭು ಯೇಸುವಿಗೂ ಊರಿನ ಅಡ್ಡಹೆಸರೇ. ಆ ಊರಿನಿಂದ ಒಳ್ಳೆಯದು ಬರುವುದುಂಟೇ ಎಂದು ನತಾನಿಯೇಲನು ಮೂಗು ಮುರಿದದ್ದು ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿದೆ. ಅದೇ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಬನ್ನಿ: ಶಿಲುಬೆಯ ಮೇಲೆ ಪಿಲಾತನು ಮೂರು ಭಾಷೆಗಳಲ್ಲಿ ಬರೆಸಿದ ಫಲಕದಲ್ಲಿ ಆ ಹೀನಾಯದ ಊರಿನ ಹೆಸರೇ ಇದೆ, ನಜರೇತ್. ಯೇಸು ಅದನ್ನು ಮುಚ್ಚಿಡಲಿಲ್ಲ.

ದೀಕ್ಷಾಸ್ನಾನದ ವಿಧಿಯಲ್ಲಿ ಗುರುಗಳು ಕೇಳುವುದು ಮಗುವಿಗೆ ಯಾವ ಹೆಸರಿಡುತ್ತೀರಿ ಎಂದು ಮಾತ್ರ. ಅಡ್ಡಹೆಸರು ಕೇಳುವುದಿಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 855ನೆಯ ವಿಧಿ ಬೇಡುವುದೂ ಇಷ್ಟೇ: ಇಡುವ ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು. ಸಂತರ ಹೆಸರಿಟ್ಟರೆ ಪಾಲಕ ಸಂತರೊಬ್ಬರು ಜೊತೆಗಿರುತ್ತಾರೆ, ಅದು ಒಳ್ಳೆಯದು. ಆದರೆ ಬಡಿಗೇರ, ಮುದಗಲ್ ಎಂಬುದನ್ನು ಅಳಿಸಿ ಪೋರ್ತುಗಲ್ಲಿನ ನದಿಯ ಹೆಸರು ಬರೆಯಬೇಕೆಂದು ಯಾವ ಕಾನೂನೂ ಹೇಳಿಲ್ಲ.

ಹೆಸರಿನ ಮಾತಿಗೆ ನಮ್ಮ ಮಸ್ಕಿಯನ್ನು ಮರೆಯುವಂತಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರಿಗೆ ಅಲ್ಲಿನ ಬೆಟ್ಟದಲ್ಲಿ ಶಾಸನ ಸಿಕ್ಕಿತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಬಿರುದಿನ ಜೊತೆ ಅಶೋಕ ಎಂಬ ಸ್ವಂತ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಅಷ್ಟು ದೊಡ್ಡ ಚಕ್ರವರ್ತಿ ಯಾರೆಂಬುದು ಖಚಿತವಾದದ್ದು ತಾಯಿತಂದೆ ಇಟ್ಟ ಹೆಸರಿನಿಂದ.

ಕೊನೆಗೆ ಕೆಲವು ಉಪಯೋಗದ ಮಾತು. ಮಗುವಿನ ದೀಕ್ಷಾಸ್ನಾನಕ್ಕೆ ಬರುವಾಗ ಜನನ ಪ್ರಮಾಣಪತ್ರ ತನ್ನಿ. ಅದರಲ್ಲಿರುವ ಕಾಗುಣಿತವನ್ನೇ ದಫ್ತರದಲ್ಲೂ ಬರೆಸಿ. ದಫ್ತರದ ಹಳೆಯ ನಮೂದನ್ನು ಗುರುಗಳು ತಾವಾಗಿ ಅಳಿಸಿ ತಿದ್ದುವಂತಿಲ್ಲ. ತಕ್ಕ ದಾಖಲೆ ಇದ್ದರೆ ಧರ್ಮಾಧ್ಯಕ್ಷರ ಕಚೇರಿಯ ಅನುಮತಿಯಿಂದ ಅಂಚಿನಲ್ಲಿ ಬರೆಯುತ್ತಾರೆ. ಅದಕ್ಕೆ ಸಮಯ ಹಿಡಿಯುತ್ತದೆ, ಮದುವೆಯ ಹಿಂದಿನ ವಾರ ಓಡಿಬರಬೇಡಿ. ಅಡ್ಡಹೆಸರು ಗೊತ್ತಿಲ್ಲದ ಮನೆಯವರು ಅಜ್ಜ ಅಜ್ಜಿಯರನ್ನು ಹೀಗೆ ಕೇಳಿ: ಈ ಊರಿಗೆ ಬರುವ ಮೊದಲು ನಾವು ಎಲ್ಲಿದ್ದೆವು? ಅಲ್ಲಿ ನಮ್ಮನ್ನು ಏನೆಂದು ಕರೆಯುತ್ತಿದ್ದರು? ಮುತ್ತಜ್ಜ ಏನು ಕೆಲಸ ಮಾಡುತ್ತಿದ್ದ? ಮೊದಲು ದೀಕ್ಷಾಸ್ನಾನ ಪಡೆದವರು ಯಾರು? ಅಜ್ಜಿಯ ತವರಿನ ಹೆಸರನ್ನೂ ಬಿಡದೆ ಕೇಳಿ, ಏಕೆಂದರೆ ಮೊದಲು ಕಳೆದುಹೋಗುವುದು ಅದೇ. ಸಿಕ್ಕ ಉತ್ತರವನ್ನು ಮನೆಯ ಬೈಬಲಿನ ಮೊದಲ ಖಾಲಿ ಹಾಳೆಯಲ್ಲಿ ಇಸವಿ ಸಮೇತ ಬರೆದಿಡಿ. ಪೆನ್ಸಿಲಿನಲ್ಲಿ ಬೇಡ, ಶಾಯಿಯಲ್ಲಿ.