ಯುರೋಪಿನಲ್ಲಿ ಕೈಗೆಟಕುವ, ಕಣ್ತುಂಬುವ ತಾಣ: ಮಾಡಬೇಕಾದ್ದು, ಮಾಡಬಾರದ್ದು

ಭಾರತದ ಪಾಸ್‌ಪೋರ್ಟ್ ಹಿಡಿದು, ಸ್ವಂತ ದುಡ್ಡಿನಲ್ಲಿ, ಮನೆಮಂದಿಯೊಂದಿಗೆ ಯುರೋಪಿಗೆ ಹೊರಡುವವರಿಗೆ ಈ ಸೂಚನೆ. ತಾಣದ ಆಯ್ಕೆ ತಪ್ಪಿದರೆ ವೀಸಾ ಶುಲ್ಕ, ಟಿಕೆಟ್ ಹಣ, ಕಷ್ಟಪಟ್ಟು ಹೊಂದಿಸಿದ ರಜೆ ಮೂರೂ ಒಟ್ಟಿಗೆ ಕೈಬಿಡುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಓದಿ.

ಮಾಡಬೇಕಾದ್ದು

ತಾಣ
• ದಿನಕ್ಕೆ ಇಷ್ಟೇ ಖರ್ಚು ಎಂದು ಮೊದಲು ಬರೆದಿಡಿ. ದೇಶವನ್ನು ಆಮೇಲೆ ಆರಿಸಿ.
• ಒಂದೇ ದೇಶ ಹಿಡಿಯಿರಿ. ಹತ್ತು ದಿನಕ್ಕೆ ಎರಡು ಊರು ಸಾಕು.
• ಅತಿ ಕಡಿಮೆ ಖರ್ಚಿನಲ್ಲಿ ಬೆಟ್ಟ ನೋಡಬೇಕೆಂದರೆ ಬಲ್ಗೇರಿಯಾ ಆರಿಸಿ. ಅದು 2025ರ ಜನವರಿ 1ರಿಂದ ಪೂರ್ತಿಯಾಗಿ, ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಷೆಂಗನ್ ವಲಯದಲ್ಲಿದೆ. 2026ರ ಜನವರಿ 1ರಿಂದ ಅಲ್ಲಿ ಯೂರೋ ಚಲಾವಣೆಯಲ್ಲಿದೆ.
• ಬೇಸಿಗೆಯಲ್ಲಿ ಬಲ್ಗೇರಿಯಾದ ಬಾನ್ಸ್ಕೊ ಊರಿನಲ್ಲಿ ಬೀಡುಬಿಡಿ. ಚಳಿಗಾಲದ ಸ್ಕೀಯಿಂಗ್‌ಗೆಂದು ಕಟ್ಟಿದ ಮನೆಗಳು ಆಗ ಕಡಿಮೆ ಬಾಡಿಗೆಗೆ ಸಿಗುತ್ತವೆ. ಪಿರಿನ್ ಪರ್ವತ ಊರಿನ ಬೆನ್ನಿಗೇ ಇದೆ.
• ಅಲ್ಲಿನ ಸೆಪ್ಟೆಮ್ವ್ರಿಯಿಂದ ದೊಬ್ರಿನಿಷ್ಟೆವರೆಗಿನ ನ್ಯಾರೋಗೇಜ್ ರೈಲು ಹತ್ತಿ. ಹಳಿಯ ಅಗಲ 760 ಮಿ.ಮೀ., ದಾರಿ 125 ಕಿ.ಮೀ., ಪಯಣ ಸುಮಾರು ಐದು ಗಂಟೆ. ಸುರಂಗಗಳೊಳಗೆ ಸುತ್ತು ಹೊಡೆಯುತ್ತ ರೈಲು 1,267 ಮೀಟರ್ ಎತ್ತರದ ಅವ್ರಾಮೊವೊ ನಿಲ್ದಾಣಕ್ಕೆ ಏರುತ್ತದೆ. ಬಾಲ್ಕನ್‌ನಲ್ಲಿ ಇದಕ್ಕಿಂತ ಎತ್ತರದ ನಿಲ್ದಾಣವಿಲ್ಲ.
• ಆಲ್ಪ್ಸ್ ನೋಡಲೇಬೇಕೆಂದರೆ ಸ್ವಿಟ್ಜರ್ಲೆಂಡ್ ಬಿಟ್ಟು ಸ್ಲೊವೇನಿಯಾಕ್ಕೆ ಹೋಗಿ. ಬಲ್ಗೇರಿಯಾದಷ್ಟು ಅಗ್ಗವಲ್ಲ, ಸ್ವಿಟ್ಜರ್ಲೆಂಡಿನಷ್ಟು ದುಬಾರಿಯೂ ಅಲ್ಲ. 2,864 ಮೀಟರ್ ಎತ್ತರದ ಟ್ರಿಗ್ಲಾವ್ ಶಿಖರ ಅಲ್ಲಿದೆ.
• ಬ್ಲೆಡ್ ಸರೋವರವನ್ನು ಹಗಲು ನೋಡಿ. ರಾತ್ರಿ ಬೋಹಿನ್ ಕಣಿವೆಯಲ್ಲಿ ತಂಗಿ.
• ಯೆಸೆನಿತ್ಸೆಯಿಂದ ನೋವಾ ಗೊರಿತ್ಸಾಕ್ಕೆ ಹೋಗುವ 1906ರ ರೈಲುಮಾರ್ಗದಲ್ಲಿ ಒಮ್ಮೆ ಪಯಣಿಸಿ. ಕೊನೆಯಲ್ಲಿ ಬರುವ ಸೊಲ್ಕಾನ್ ಸೇತುವೆಯ ಕಲ್ಲಿನ ಕಮಾನು 85 ಮೀಟರ್ ಅಗಲ. ರೈಲು ಸೇತುವೆಗಳ ಕಲ್ಲಿನ ಕಮಾನುಗಳಲ್ಲಿ ಜಗತ್ತಿಗೇ ದೊಡ್ಡದು.

ಕಾಲ
• ಜೂನ್ ಅಥವಾ ಸೆಪ್ಟೆಂಬರ್ ಆರಿಸಿ. ಹಗಲು ಉದ್ದ, ಬಾಡಿಗೆ ಹಗುರ.
• ಮಕ್ಕಳ ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಮೇ ಕೊನೆಯ ವಾರ ಹಿಡಿಯಿರಿ.
• ದಸರಾ ರಜೆಯಲ್ಲಿ ಹೋಗುವುದಾದರೆ ಕಣಿವೆಯ ಊರುಗಳನ್ನಷ್ಟೇ ಆರಿಸಿ.
• ಎತ್ತರದ ಘಾಟ್ ರಸ್ತೆ ತೆರೆದಿದೆಯೇ ಎಂದು ಹೊರಡುವ ವಾರವೂ ನೋಡಿ. ರೊಮೇನಿಯಾದ ಟ್ರಾನ್ಸ್‌ಫಾಗರಾಶಾನ್ ರಸ್ತೆಯ ಮೇಲ್ಭಾಗ ಚಳಿಗಾಲವಿಡೀ ಮುಚ್ಚಿರುತ್ತದೆ.

ವೀಸಾ
• ಹೆಚ್ಚು ರಾತ್ರಿ ತಂಗುವ ದೇಶಕ್ಕೇ ಅರ್ಜಿ ಹಾಕಿ. ರಾತ್ರಿಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ ಹಾಕಿ.
• ಆರು ತಿಂಗಳ ಮುಂಚೆಯೇ ಅರ್ಜಿಗೆ ಅವಕಾಶವಿದೆ. ಮೂರು ತಿಂಗಳ ಮುಂಚೆಯಾದರೂ ಸಮಯ ಕಾದಿರಿಸಿ.
• ಶುಲ್ಕವನ್ನು ಬಜೆಟ್ಟಿಗೆ ಸೇರಿಸಿ. ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ. 6 ತುಂಬದವರಿಗೆ ಇಲ್ಲ. ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ.
• ಪಾಸ್‌ಪೋರ್ಟ್ ತೆರೆದು ನೋಡಿ. ಹತ್ತು ವರ್ಷದೊಳಗೆ ಪಡೆದದ್ದಿರಬೇಕು, ವಾಪಸಾಗುವ ದಿನದಿಂದ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು.
• ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಮಾಡಿಸಿ.
• ರದ್ದು ಮಾಡಿದರೆ ಹಣ ಮರಳುವ ಕೋಣೆಗಳನ್ನೇ ಕಾದಿರಿಸಿ.

ಹಣ ಮತ್ತು ಓಡಾಟ
• ಬೆಂಗಳೂರಿನಿಂದ ಸೋಫಿಯಾಕ್ಕಾಗಲಿ ಲ್ಯುಬ್ಲಿಯಾನಾಕ್ಕಾಗಲಿ ನೇರ ವಿಮಾನವಿಲ್ಲ. ಇಡೀ ದಾರಿಯನ್ನು ಒಂದೇ ಟಿಕೆಟ್‌ನಲ್ಲಿ ಕೊಳ್ಳಿ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಕಂಪನಿಯೇ ಹೊಣೆ.
• ಕಾರ್ಡ್ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯೂರೋ ಒತ್ತಿ.
• ಪ್ರವಾಸಿ ತೆರಿಗೆಗೆ ಚಿಲ್ಲರೆ ಇಟ್ಟುಕೊಳ್ಳಿ. ತಲೆಗೆ, ರಾತ್ರಿಗೆ ಲೆಕ್ಕ ಹಾಕಿ ಎಷ್ಟೋ ಕಡೆ ವಸತಿಯಲ್ಲೇ ಕಟ್ಟಿಸಿಕೊಳ್ಳುತ್ತಾರೆ.
• ಪ್ಯಾಕೇಜ್ ಕೊಂಡರೆ ಟಿ.ಸಿ.ಎಸ್. (ಮಾರುವವರೇ ಮೊದಲು ವಸೂಲಿ ಮಾಡುವ ತೆರಿಗೆ) ರಸೀದಿ ತೆಗೆದಿಡಿ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.
• ಕಾರು ಓಡಿಸುವುದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಪಡೆಯಿರಿ.
• ಸ್ಲೊವೇನಿಯಾದ ಹೆದ್ದಾರಿ ಹತ್ತುವ ಮುಂಚೆ ಇ-ವಿನ್ಯೆಟ್ (ಹೆದ್ದಾರಿ ಬಳಕೆಯ ಡಿಜಿಟಲ್ ಚೀಟಿ) ಕೊಳ್ಳಿ.

ಊಟ, ಆರೋಗ್ಯ
• ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ. ಅವಲಕ್ಕಿ, ಚಟ್ನಿಪುಡಿ ಜೊತೆಗಿರಲಿ.
• ಸ್ಲೊವೇನಿಯಾ, ಪೋಲೆಂಡ್‌ಗಳಲ್ಲಿ ದಿನಸಿಯನ್ನು ಶನಿವಾರವೇ ಕೊಂಡಿಡಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ.
• ಬಲ್ಗೇರಿಯಾದಲ್ಲಿ ಸಸ್ಯಾಹಾರಿಗಳು ತರತೋರ್ ಕೇಳಿ. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ ಹಾಕಿದ ತಣ್ಣನೆಯ ಪದಾರ್ಥ ಅದು, ನಮ್ಮ ತಂಬುಳಿಯ ಹಾಗೆ.
• ಮಾಂಸ ಬೇಡವೆಂದರೆ ‘ಬೆಜ್ ಮೆಸೊ’ ಎಂದು ಬಾಯಿಬಿಟ್ಟು ಹೇಳಿ.
• ನಿತ್ಯದ ಔಷಧವನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ.
• ತುರ್ತಿಗೆ 112 ಒತ್ತಿ. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದೇ ಸಂಖ್ಯೆ.

ಮಾಡಬಾರದ್ದು

ತಾಣ
• ಸಿನಿಮಾ ಹಾಡು, ರೀಲ್ಸ್ ನೋಡಿ ದೇಶ ಆರಿಸಬಾರದು. ಚಿತ್ರದಲ್ಲಿ ದರಪಟ್ಟಿ ಇರುವುದಿಲ್ಲ.
• ಹತ್ತು ದಿನಕ್ಕೆ ಏಳು ದೇಶ ಬೇಡ. ಕಾಣುವುದು ಬಸ್ಸಿನ ಕಿಟಕಿ ಮಾತ್ರ.
• ಅಗ್ಗದ ವಿಮಾನ ಟಿಕೆಟ್ ಸಿಕ್ಕಿತೆಂದು ದುಬಾರಿ ದೇಶಕ್ಕೆ ಹೊರಡಬಾರದು. ಟಿಕೆಟ್‌ನಲ್ಲಿ ಉಳಿದದ್ದು ಮೂರೇ ದಿನದ ವಸತಿಗೆ ಕರಗುತ್ತದೆ.
• ಊರಿನ ಹೆಸರನ್ನಷ್ಟೇ ನೋಡಿ ವಿಮಾನ ನಿಲ್ದಾಣ ನಂಬುವುದು ಬೇಡ. ಪ್ಯಾರಿಸ್ ಹೆಸರಿನ ಬೊವೆ ನಿಲ್ದಾಣ ನಗರದಿಂದ ಸುಮಾರು 80 ಕಿ.ಮೀ. ದೂರವಿದೆ.

ಕಾಲ
• ಜುಲೈ, ಆಗಸ್ಟ್ ಬೇಡ. ಯುರೋಪಿನವರೆಲ್ಲ ರಜೆಯಲ್ಲಿರುತ್ತಾರೆ, ಬಾಡಿಗೆ ಏರುತ್ತದೆ, ಸರೋವರದ ದಂಡೆಯಲ್ಲಿ ಜಾಗವಿರುವುದಿಲ್ಲ.
• ಏಪ್ರಿಲ್‌ನಲ್ಲಿ ಬಲ್ಗೇರಿಯಾದ ರಿಲಾ ಪರ್ವತದ ಏಳು ಸರೋವರಗಳ ಚಾರಣ ಬೇಡ. ಅವು 2,000 ಮೀಟರ್‌ಗಿಂತ ಎತ್ತರದಲ್ಲಿವೆ; ಆಗ ಹಿಮದಡಿ ಹೂತಿರುತ್ತವೆ.
• ಅಗ್ಗವೆಂದು ಡಿಸೆಂಬರ್‌ನಲ್ಲಿ ಬೆಟ್ಟ ನೋಡಲು ಹೋಗಬಾರದು. ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ.

ವೀಸಾ
• ಒಂದೇ ಪ್ರವೇಶದ ವೀಸಾದಲ್ಲಿ ಷೆಂಗನ್ ಗಡಿ ದಾಟಬಾರದು. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಿಂದ ಮಾಂಟೆನೆಗ್ರೊದ ಕೊಟೊರ್‌ಗೆ ಬೆಳಿಗ್ಗೆ ಹೋದವರಿಗೆ ಸಂಜೆ ಮರಳಿ ಬರಲಾಗದು. ಲಗೇಜ್ ಒಂದು ದೇಶದಲ್ಲಿ, ನೀವು ಇನ್ನೊಂದು ದೇಶದಲ್ಲಿ.
• ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವಾಗ ನೆಉಮ್ ಮೂಲಕದ ಹಳೆಯ ಕರಾವಳಿ ರಸ್ತೆ ಬೇಡ. ಅದು ಷೆಂಗನ್ ಹೊರಗಿನ ಬೋಸ್ನಿಯಾದೊಳಗೆ ಹಾದುಹೋಗುತ್ತದೆ. 2022ರಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆ ಪೂರ್ತಿ ಕ್ರೊಯೇಷಿಯಾದಲ್ಲೇ ಇದೆ.
• ಷೆಂಗನ್ ವೀಸಾ ಇದ್ದರೆ ಯುರೋಪೆಲ್ಲ ತೆರೆದಿದೆ ಎಂದು ತಿಳಿಯಬಾರದು. ಬ್ರಿಟನ್, ಐರ್ಲೆಂಡ್, ಅಲ್ಬೇನಿಯಾ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯ ಷೆಂಗನ್‌ನಲ್ಲಿಲ್ಲ. ಒಂದೊಂದಕ್ಕೂ ಅದರದೇ ನಿಯಮ.
• ಸುಲಭವಾಗಿ ವೀಸಾ ಸಿಗುತ್ತದೆಂದು ಒಂದು ದೇಶಕ್ಕೆ ಅರ್ಜಿ ಹಾಕಿ ಇನ್ನೊಂದರಲ್ಲಿ ರಜೆ ಕಳೆಯಬಾರದು. ಗಡಿಯಲ್ಲೇ ತಡೆಯಬಹುದು.
• ನಕಲಿ ಹೋಟೆಲ್ ಬುಕಿಂಗ್, ನಕಲಿ ಟಿಕೆಟ್ ಕೊಡುವ ದಲ್ಲಾಳಿ ಬೇಡ. ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರ, ಶುಲ್ಕ ವಾಪಸಿಲ್ಲ. ತಿರಸ್ಕಾರದ ದಾಖಲೆಯನ್ನು ಎಲ್ಲ ಷೆಂಗನ್ ದೇಶಗಳೂ ಐದು ವರ್ಷದವರೆಗೆ ನೋಡಬಲ್ಲವು.
• ಅರ್ಜಿಗೆ ಮುನ್ನ ಸಾಲ ತಂದು ಖಾತೆ ತುಂಬಿಸಬಾರದು. ಅಧಿಕಾರಿಗಳು ಕೊನೆಯ ಮೊತ್ತವನ್ನಷ್ಟೇ ಅಲ್ಲ, ತಿಂಗಳುಗಳ ಏರಿಳಿತ ನೋಡುತ್ತಾರೆ.
• ವೀಸಾದಲ್ಲಿ ಬರೆದ ದಿನಗಳಿಗಿಂತ ಒಂದು ದಿನವೂ ಹೆಚ್ಚು ಉಳಿಯಬಾರದು. 2025ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ದಿನಗಳನ್ನು ಕಂಪ್ಯೂಟರ್ ಎಣಿಸುತ್ತದೆ. ದಂಡ ಬೀಳಬಹುದು, ಮುಂದೆ ಪ್ರವೇಶವನ್ನೇ ನಿಷೇಧಿಸಬಹುದು.

ಹಣ ಮತ್ತು ಓಡಾಟ
• ವೀಸಾ ಕೈಗೆ ಬರುವ ಮುನ್ನ ಹಣ ವಾಪಸಾಗದ ಟಿಕೆಟ್ ಬೇಡ.
• ಅಗ್ಗದ ವಿಮಾನಕ್ಕೆ ದೊಡ್ಡ ಚೀಲ ಒಯ್ಯಬಾರದು. ಹಲವು ಕಂಪನಿಗಳು ಉಚಿತವಾಗಿ ಬಿಡುವುದು 40×30×20 ಸೆಂ.ಮೀ. ಚೀಲವೊಂದನ್ನೇ, ಗೇಟ್‌ನಲ್ಲಿ ಹಾಕುವ ಶುಲ್ಕ ಟಿಕೆಟ್ಟಿಗಿಂತ ಹೆಚ್ಚಾದೀತು.
• ಪ್ರವಾಸಿ ಚೌಕದ ಹಣ ವಿನಿಮಯ ಅಂಗಡಿ ಬೇಡ.
• ವಿನ್ಯೆಟ್ ಇಲ್ಲದೆ ಸ್ಲೊವೇನಿಯಾದ ಹೆದ್ದಾರಿಗೆ ಇಳಿಯಬಾರದು. ದಂಡ ಕನಿಷ್ಠ 300 ಯೂರೋ.
• ವಿಮಾನ ಇಳಿದ ರಾತ್ರಿಯೇ ಕಾರು ಓಡಿಸಬಾರದು. ನಿದ್ದೆಗೆಟ್ಟಿರುತ್ತೀರಿ, ರಸ್ತೆಯ ಬಲಬದಿ ಹೊಸದು.

ಊಟ, ಆರೋಗ್ಯ
• ಧಾರವಾಡ ಪೇಡ, ತುಪ್ಪ, ಪನೀರ್ ಒಯ್ಯುವುದು ಬೇಡ. ಹೊರದೇಶದ ಹಾಲಿನ ಪದಾರ್ಥ, ಮಾಂಸಗಳಿಗೆ ಐರೋಪ್ಯ ಒಕ್ಕೂಟದಲ್ಲಿ ಪ್ರವೇಶವಿಲ್ಲ. ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ.
• ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಕಟ್ಟಿಕೊಳ್ಳುವುದು ಬೇಡ.
• ಬಲ್ಗೇರಿಯಾದಲ್ಲಿ ತಲೆಯಾಡಿಸಿದ್ದನ್ನು ನಂಬಬಾರದು. ಅಲ್ಲಿ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ‘ದಾ’ ಎಂದರೆ ಹೌದು, ‘ನೆ’ ಎಂದರೆ ಇಲ್ಲ, ಅದನ್ನೇ ಕೇಳಿಸಿಕೊಳ್ಳಿ.
• ಚಪ್ಪಲಿಯಲ್ಲಿ ಬೆಟ್ಟ ಹತ್ತಬಾರದು.
• ಮಧ್ಯಾಹ್ನದ ಮೇಲೆ ಶಿಖರದತ್ತ ಹೊರಡಬಾರದು. ಬೇಸಿಗೆಯ ಗುಡುಗು ಸಿಡಿಲು ಸಾಮಾನ್ಯವಾಗಿ ಆ ಹೊತ್ತಿಗೇ ಬರುತ್ತದೆ.
• ಪರ್ವತ ರಕ್ಷಣೆ ಸೇರದ ವಿಮೆ ನೆಚ್ಚಿ ಚಾರಣ ಮಾಡಬಾರದು. ಸ್ಲೊವಾಕಿಯಾದ ತಾತ್ರಾ ಬೆಟ್ಟಗಳಲ್ಲಿ ಸಿಕ್ಕಿಕೊಂಡರೆ ರಕ್ಷಣಾ ದಳದ ಖರ್ಚು ನಿಮ್ಮದೇ.

ತೀರ್ಮಾನ

ಮೊದಲ ಸಲ ಹೋಗುವ ಕುಟುಂಬಕ್ಕೆ ಬಲ್ಗೇರಿಯಾದ ಬೆಟ್ಟದೂರು ಸರಿ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಸ್ಲೊವೇನಿಯಾದ ಬೋಹಿನ್ ಸರಿ. ಎರಡಕ್ಕೂ ಷೆಂಗನ್ ವೀಸಾ, ಎರಡರಲ್ಲೂ ಯೂರೋ. ವೀಸಾ ನಿಯಮ, ಶುಲ್ಕ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವಾರ ಆಯಾ ದೇಶದ ರಾಯಭಾರ ಕಚೇರಿಯ ಸೂಚನೆ ಓದಿ, ಏಜೆಂಟರ ಬಾಯಿಮಾತಿಗೆ ದುಡ್ಡು ಕಟ್ಟಬೇಡಿ.