ಹೊಸ ವಿಂಡೋಸ್‌ನಲ್ಲಿ ಜಾಗ ಬದಲಿಸಿದ ಗುಂಡಿಗಳು, ಕೆಡದೆಯೇ ಕೆಟ್ಟಂತೆ ಕಾಣುವ ಕನ್ನಡ

ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ವಿಂಡೋಸ್ 10 ಎಂಬ ಕಾರ್ಯಾಚರಣಾ ವ್ಯವಸ್ಥೆಗೆ, ಅಂದರೆ ಕಂಪ್ಯೂಟರಿನ ಯಂತ್ರಭಾಗಗಳನ್ನೂ ಅದರ ಮೇಲೆ ನಡೆಯುವ ಉಳಿದ ತಂತ್ರಾಂಶಗಳನ್ನೂ ನಿಭಾಯಿಸುವ ಮೂಲ ತಂತ್ರಾಂಶಕ್ಕೆ, 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲದ ಅವಧಿ ಮುಗಿದುದರಿಂದ, ಬದಲಾವಣೆಯನ್ನು ಮುಂದೂಡುತ್ತಲೇ ಬಂದಿದ್ದ ಮನೆಗಳೂ ವಕೀಲರ ಕಚೇರಿಗಳೂ ಸಹಕಾರ ಸಂಘಗಳೂ ಡಿಟಿಪಿ ಕೇಂದ್ರಗಳೂ 2021ರ ಅಕ್ಟೋಬರಿನಿಂದ ಲಭ್ಯವಿರುವ ವಿಂಡೋಸ್ 11ರತ್ತ ಸಾಗಬೇಕಾಗಿ ಬಂದಿದೆ. ಈ ಸ್ಥಿತ್ಯಂತರದಲ್ಲಿ ಎರಡು ಬಗೆಯ ತಪ್ಪುಗಳು ಮತ್ತೆ ಮತ್ತೆ ಕಂಡುಬರುತ್ತವೆ: ಒಂದು, ಹೊಸ ಪರದೆಯನ್ನು ಹಳೆಯದರಂತೆ ಕಾಣಿಸಲು ವಾರಗಟ್ಟಲೆ ಹೆಣಗುವುದು, ಇನ್ನೊಂದು, ಕನ್ನಡ ಕಡತಗಳು ಹಾಳಾದವೆಂದು ಗಾಬರಿಗೊಂಡು ಅವುಗಳ ಮೇಲೆ ಕೈಯಾಡಿಸಿ ನಿಜವಾಗಿಯೇ ಹಾಳುಮಾಡಿಕೊಳ್ಳುವುದು. ಮೊದಲನೆಯದರಿಂದ ಸಮಯ ಮಾತ್ರ ವ್ಯರ್ಥವಾಗುತ್ತದೆ. ಎರಡನೆಯದು ವರ್ಷಗಳ ದಾಖಲೆಯನ್ನೇ ನುಂಗಬಹುದು.

ಮೇಲ್ದರ್ಜೆಗೇರಿಸುವ ಮುನ್ನ

ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಘಟಕ, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ ಸಾಮರ್ಥ್ಯ ಇರಬೇಕೆಂಬುದು ಹೊಸ ವ್ಯವಸ್ಥೆಯ ಷರತ್ತುಗಳಲ್ಲಿ ಮುಖ್ಯವಾದುದು. ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡುವುದನ್ನು ಬಹುಪಾಲು ಜನ ಮಾಡುತ್ತಾರೆ, ಆದರೆ ಫಾಂಟುಗಳ ಪ್ರತಿಯನ್ನು, ಎಂದರೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಅಕ್ಷರಶೈಲಿಗಳನ್ನು ಆಯ್ದು ನಕಲಿಸಿಕೊಳ್ಳುವ ಕೆಲಸವನ್ನು, ಬಹುತೇಕ ಯಾರೂ ಮಾಡುವುದಿಲ್ಲ. ಇದರ ಜೊತೆಗೆ ಡೆಸ್ಕ್‌ಟಾಪ್ ಪರದೆಯ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ, ಯಾವ ಐಕಾನು ಮೊದಲು ಇತ್ತು, ಯಾವುದು ಇರಲೇ ಇಲ್ಲ ಎಂಬ ವಾದ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಏಳುವುದಿಲ್ಲ.

ತಂತ್ರಜ್ಞರಿಗೆ ಯಂತ್ರವನ್ನು ಒಪ್ಪಿಸುವವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ಮೇಲ್ದರ್ಜೆಗೇರಿಸುವಿಕೆಯಲ್ಲಿ ಎರಡು ವಿಧಗಳಿದ್ದು, ಮೊದಲನೆಯದರಲ್ಲಿ ಹಳೆಯ ತಂತ್ರಾಂಶ, ಫಾಂಟು ಮತ್ತು ಕಡತಗಳನ್ನು ಇದ್ದಲ್ಲಿಯೇ ಉಳಿಸಿಕೊಂಡು ಹೊಸ ವಿಂಡೋಸ್ ಅದರ ಮೇಲೆ ಕೂರುತ್ತದೆ. ಎರಡನೆಯದರಲ್ಲಿ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಲಾಗುತ್ತದೆ. ಎರಡನೆಯ ವಿಧಾನ ತಂತ್ರಜ್ಞರಿಗೆ ಸುಲಭ, ಯಂತ್ರಕ್ಕೂ ಒಳ್ಳೆಯದಿರಬಹುದು, ಆದರೆ ಕೆಳಗೆ ವಿವರಿಸಲಾಗುವ ಕನ್ನಡದ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಅದರಿಂದಲೇ.

ಮೊದಲನೆಯ ವಿಧಾನದಲ್ಲಿ ಹಿಂದಿನ ವ್ಯವಸ್ಥೆಗೆ ಮರಳಲು 10 ದಿನಗಳ ಅವಕಾಶವಿರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದ ರಿಕವರಿ ಪುಟದಲ್ಲಿರುವ 'ಗೋ ಬ್ಯಾಕ್' ಎಂಬ ಗುಂಡಿಯೇ ಅದರ ದಾರಿ. ಹಳೆಯ ವ್ಯವಸ್ಥೆಯನ್ನು 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಕಾಯ್ದಿರಿಸಿರಲಾಗುತ್ತದೆ. ಅದು ಅನೇಕ ಜಿಬಿಗಳಷ್ಟು ಜಾಗ ಹಿಡಿದಿರುವುದನ್ನು ಕಂಡು ಎರಡನೆಯ ದಿನವೇ ಅಳಿಸಿಹಾಕಿದವರು ಮರಳುವ ಸೇತುವೆಯನ್ನು ತಾವೇ ಮುರಿದುಕೊಂಡಂತೆ.

ಪರದೆಯ ಮೇಲಿನ ಬದಲಾವಣೆಗಳು

ಎಡ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿಯು ವಿಂಡೋಸ್ 11ರಲ್ಲಿ ಟಾಸ್ಕ್‌ಬಾರಿನ, ಅಂದರೆ ಪರದೆಯ ತಳದಲ್ಲಿರುವ ಪಟ್ಟಿಯ, ನಡುವಿಗೆ ಬಂದಿದೆ. ಅದನ್ನು ಎಡಕ್ಕೆ ತರಬೇಕೆನ್ನುವವರು ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ, 'ಟಾಸ್ಕ್‌ಬಾರ್ ಸೆಟ್ಟಿಂಗ್ಸ್' ತೆರೆದು, 'ಟಾಸ್ಕ್‌ಬಾರ್ ಬಿಹೇವಿಯರ್ಸ್' ಎಂಬಲ್ಲಿ ಅಲೈನ್‌ಮೆಂಟನ್ನು 'ಲೆಫ್ಟ್' ಎಂದು ಬದಲಿಸಿದರೆ ಸಾಕು. ಒಂದೇ ತಂತ್ರಾಂಶದ ಹಲವು ಕಡತಗಳು ತೆರೆದಿರುವಾಗ ಅವು ಒಂದೇ ಐಕಾನಿನಡಿ ಅಡಗಿಕೊಳ್ಳುತ್ತವೆಂಬುದು ಲೆಕ್ಕಪತ್ರದ ಕೆಲಸದವರ ದೊಡ್ಡ ದೂರಾಗಿತ್ತು. 2023ರ ಪರಿಷ್ಕರಣೆಯಲ್ಲಿ ಕಡತದ ಹೆಸರುಗಳನ್ನು ಬೇರೆ ಬೇರೆಯಾಗಿ ತೋರಿಸುವ ಆಯ್ಕೆ ಮರಳಿ ಬಂದಿದ್ದು, ಅದೇ ಪುಟದಲ್ಲಿ 'ಕಂಬೈನ್' ಎಂಬ ಸಾಲನ್ನು 'ನೆವರ್' ಎಂದು ಮಾಡಿಕೊಳ್ಳಬಹುದು.

ಹೆಚ್ಚು ಜನ ಎಡವುವುದು ಬಲಗುಂಡಿಯ ಪಟ್ಟಿಯಲ್ಲಿ. ಕಡತವೊಂದರ ಮೇಲೆ ಬಲಗುಂಡಿ ಒತ್ತಿದಾಗ ಮೊದಲು ಉದ್ದನೆಯ ಪಟ್ಟಿಯಲ್ಲಿ ಪದಗಳಾಗಿ ಕಾಣುತ್ತಿದ್ದ ಕಟ್, ಕಾಪಿ, ರಿನೇಮ್, ಡಿಲೀಟ್ ಆಜ್ಞೆಗಳು ಈಗ ಪಟ್ಟಿಯ ಒಂದು ತುದಿಯಲ್ಲಿ ಕತ್ತರಿ, ಜೋಡಿ ಹಾಳೆ, ಕಸದಬುಟ್ಟಿ ಮುಂತಾದ ಪುಟ್ಟ ಚಿತ್ರಗಳಾಗಿ ಸಾಲುಗೂಡಿವೆ. ಪಟ್ಟಿಯು ಪರದೆಯ ಕೆಳಭಾಗದಲ್ಲಿ ತೆರೆದುಕೊಂಡರೆ ಈ ಸಾಲು ಮೇಲಿನಿಂದ ಕೆಳಕ್ಕೆ ಜಾರುವುದೂ ಉಂಟು. ಉಳಿದ ಹಳೆಯ ಆಜ್ಞೆಗಳು 'ಶೋ ಮೋರ್ ಆಪ್ಷನ್ಸ್' ಎಂಬ ಸಾಲಿನ ಹಿಂದೆ ಇದ್ದು, ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ಬಲಗುಂಡಿ ಒತ್ತಿದರೆ ಹಳೆಯ ಪಟ್ಟಿ ನೇರವಾಗಿ ತೆರೆದುಕೊಳ್ಳುತ್ತದೆ. ಈ ಒಂದು ಅಭ್ಯಾಸ ಕೈಗೆ ಕೂತರೆ ಅರ್ಧ ಅಸಮಾಧಾನ ಕರಗುತ್ತದೆ.

ಹಳೆಯ ರೂಪವನ್ನು ಪೂರ್ತಿಯಾಗಿ ಮರಳಿಸುವುದಾಗಿ ಹೇಳುವ ಮೂರನೆಯವರ ಉಪಕರಣಗಳನ್ನು ಹಾಕಿಕೊಳ್ಳುವುದಾಗಲಿ, ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಆಂತರಿಕ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ದಾಖಲೆಯಲ್ಲಿ, ತಿದ್ದುಪಡಿ ಮಾಡುವುದಾಗಲಿ ಸಲ್ಲದು. ಇಂಥ ಏರ್ಪಾಡುಗಳು ಮುಂದಿನ ಪರಿಷ್ಕರಣೆಯವರೆಗೆ ಮಾತ್ರ ಬಾಳುವ ಸಂಭವವಿದ್ದು, ಅವು ಬಿದ್ದ ದಿನ ಬಳಕೆದಾರನು ಹೊಸದನ್ನು ಕಲಿಯದೆ, ಹಳೆಯದನ್ನೂ ಕಳೆದುಕೊಂಡು ನಿಲ್ಲುತ್ತಾನೆ. ಗುಂಡಿಗಳ ಜಾಗ ಬದಲಾದರೂ ಕೀಲಿಗಳ ಜೋಡಿಗಳು ಬಹುತೇಕ ಬದಲಾಗಿಲ್ಲವೆಂಬುದನ್ನು ಗಮನಿಸಿದವರಿಗೆ ಈ ಹಂಗೇ ಬೇಕಿಲ್ಲ: ವಿಂಡೋಸ್ ಕೀಲಿಯೊಂದಿಗೆ ಇ ಒತ್ತಿದರೆ ಕಡತಗಳ ಕಿಟಕಿ, ಐ ಒತ್ತಿದರೆ ಸೆಟ್ಟಿಂಗ್ಸ್, ಡಿ ಒತ್ತಿದರೆ ಡೆಸ್ಕ್‌ಟಾಪ್ ಮೊದಲಿನಂತೆಯೇ ಬರುತ್ತವೆ. ಹೊಸದಾಗಿ ಕಲಿಯಬೇಕಾದವು ಎರಡೇ. ವಿಂಡೋಸ್ ಕೀಲಿಯೊಂದಿಗೆ ಎ ಒತ್ತಿದರೆ ವೈಫೈ, ಧ್ವನಿ, ಬೆಳಕಿನ ನಿಯಂತ್ರಣಗಳು, ಎನ್ ಒತ್ತಿದರೆ ಸೂಚನೆಗಳು ಮತ್ತು ಕ್ಯಾಲೆಂಡರು.

ಕನ್ನಡ ಕೆಟ್ಟಿತೆಂಬ ಭ್ರಮೆ

ಹೊಸ ವಿಂಡೋಸ್ ಹಾಕಿಸಿದ ಮರುದಿನ ಹಳೆಯ ಪತ್ರವೊಂದನ್ನು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ತುಂಬಿರುವ ದೃಶ್ಯ ಕರ್ನಾಟಕದ ಕಚೇರಿಗಳಿಗೆ ಅಪರಿಚಿತವಲ್ಲ. ವೈರಸ್ ಬಂದಿದೆ ಎಂದೋ, ಕಡತ ಕೆಟ್ಟಿದೆ ಎಂದೋ ಜನ ತೀರ್ಮಾನಿಸುತ್ತಾರೆ. ಎರಡೂ ಅಲ್ಲ.

ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತಸಂಖ್ಯೆಯನ್ನು ಕೊಡುವ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ ಬಳಕೆಗೆ ಬರುವ ಮುನ್ನ, ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪಭಾಗಗಳನ್ನು ತೊಡಿಸುತ್ತಿದ್ದವು. ಇದನ್ನೇ ಬಳಕೆಯಲ್ಲಿ ಆಸ್ಕಿ ಎನ್ನಲಾಗುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಆಸ್ಕಿ ಫಾಂಟಿನಲ್ಲಿ 'ಕನ್ನಡ' ಎಂಬ ಮೂರಕ್ಷರದ ಪದ ಕಂಪ್ಯೂಟರಿನ ಒಳಗೆ ಏಳು ಚಿಹ್ನೆಗಳಾಗಿ ಕೂತಿರುತ್ತದೆ: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟಿರುವ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ನ-ಒತ್ತಿನ ಜಾಗದಲ್ಲಿ ಬಿ ಅಕ್ಷರವನ್ನು ಹೋಲುವ ಜರ್ಮನ್ ಭಾಷೆಯ ಒಂದಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ನುಡಿ ಫಾಂಟು ಯಂತ್ರದಲ್ಲಿರುವವರೆಗೆ ಇದು ಕನ್ನಡ. ಫಾಂಟು ಹೋದೊಡನೆ ವೇಷ ಕಳಚಿ ಒಳಗಿನ ಚಿಹ್ನೆಗಳೇ ಹೊರಗೆ ಕಾಣುತ್ತವೆ. ಕಡತದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಆದ್ದರಿಂದ ಇಂಥ ಕಡತವನ್ನು ಕಂಡಾಗ ಅದನ್ನು ಉಳಿಸದೆ, ಅಂದರೆ ಸೇವ್ ಮಾಡದೆ, ಮುಚ್ಚಬೇಕು. ಎಲ್ಲವನ್ನೂ ಆಯ್ದು ಬೇರೆ ಫಾಂಟು ಕೊಟ್ಟು ನೋಡುವ ಪ್ರಯೋಗವಂತೂ ಕೂಡದು, ಏಕೆಂದರೆ ಅದರಿಂದ ಯಾವ ಸಾಲು ನುಡಿಯದು, ಯಾವ ಸಾಲು ನಿಜವಾದ ಇಂಗ್ಲಿಷಿನದು ಎಂಬ ಗುರುತೇ ಅಳಿಸಿಹೋಗುತ್ತದೆ. ಮೊದಲೇ ತೆಗೆದಿಟ್ಟ ಫಾಂಟಿನ ಕಡತದ ಮೇಲೆ ಬಲಗುಂಡಿ ಒತ್ತಿ, 'ಶೋ ಮೋರ್ ಆಪ್ಷನ್ಸ್' ಮೂಲಕ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಎಂಬುದನ್ನೇ ಆರಿಸಬೇಕು. ಬರಿಯ 'ಇನ್‌ಸ್ಟಾಲ್' ಒತ್ತಿದರೆ ಫಾಂಟು ಆ ಒಬ್ಬ ಬಳಕೆದಾರನ ಖಾಸಗಿ ಫೋಲ್ಡರಿಗೆ ಹೋಗುತ್ತದೆ, ಅಲ್ಲಿಗೆ ಹೋದ ಫಾಂಟನ್ನು ಕೆಲವು ಹಳೆಯ ತಂತ್ರಾಂಶಗಳು ಕಾಣುವುದೇ ಇಲ್ಲ. ವರ್ಡ್‌ನಲ್ಲಿ ಸರಿಯಿದೆ, ಪೇಜ್‌ಮೇಕರಿನಲ್ಲಿ ಮಾತ್ರ ಇಲ್ಲ ಎಂಬ ಒಗಟಿನ ಹಿಂದೆ ಈ ಕಾರಣವಿದೆಯೇ ಎಂದು ಮೊದಲು ನೋಡುವುದು ಒಳಿತು.

ಇದಕ್ಕಿಂತ ಸೂಕ್ಷ್ಮವಾದ, ಆದ್ದರಿಂದಲೇ ಹೆಚ್ಚು ಅಪಾಯಕಾರಿಯಾದ ತೊಡಕು ಆಟೋಕರೆಕ್ಟ್‌ನದು. ಟೈಪಿಸುವಾಗ ತಾನಾಗಿಯೇ ತಿದ್ದುವ ಈ ವ್ಯವಸ್ಥೆಯನ್ನು ಕನ್ನಡ ಟೈಪಿಸ್ಟರು ಎಂದೋ ಒಮ್ಮೆ ನಿಲ್ಲಿಸಿ ಮರೆತಿರುತ್ತಾರೆ. ಡಿಸ್ಕ್ ಅಳಿಸಿ ವರ್ಡ್ ತಂತ್ರಾಂಶವನ್ನು ಹೊಸದಾಗಿ ಹಾಕಿದಾಗ ಅದು ಮತ್ತೆ ಚಾಲೂ ಆಗಿರುತ್ತದೆ. ವಾಕ್ಯದ ಮೊದಲಕ್ಷರವನ್ನು ದೊಡ್ಡದಾಗಿಸುವುದು ಇಂಗ್ಲಿಷಿಗೆ ಸಲ್ಲುವ ನಿಯಮ. ಆದರೆ ನುಡಿಯಲ್ಲಿ ಸಣ್ಣ ಕ್ಯೂ ಎಂದರೆ 'ಡ'ಕಾರದ ಭಾಗ, ದೊಡ್ಡ ಕ್ಯೂ ಎಂದರೆ 'ಕಿ'. ಹೀಗಾಗಿ ವಾಕ್ಯವೊಂದು 'ಡ'ಕಾರದಿಂದ ಆರಂಭವಾದರೆ ಟೈಪಿಸ್ಟರು ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಅದು ತಲೆಯಲ್ಲೊಂದು ಬೇಡದ ಗೀಟನ್ನು ಹೊತ್ತ 'ಕಿ' ಆಗಿಬಿಡಬಹುದು. ಕೀಲಿಮಣೆ ಕೆಟ್ಟಿದೆಯೆಂದು ಹೊಸದನ್ನು ಕೊಂಡರೆ ಪ್ರಯೋಜನವಿಲ್ಲ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂಬ ದಾರಿಯಲ್ಲಿ 'ಆಟೋಕರೆಕ್ಟ್ ಆಪ್ಷನ್ಸ್' ತೆರೆದು, ಮೊದಲ ಪುಟದಲ್ಲಿರುವ ದೊಡ್ಡಕ್ಷರಗಳಿಗೆ ಸಂಬಂಧಿಸಿದ ಗುರುತುಗಳನ್ನೂ, 'ರಿಪ್ಲೇಸ್ ಟೆಕ್ಸ್ಟ್ ಆ್ಯಸ್ ಯು ಟೈಪ್' ಎಂಬ ಗುರುತನ್ನೂ ತೆಗೆಯಬೇಕು. 'ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್' ಎಂಬ ಪುಟದಲ್ಲಿ ಉದ್ಧರಣ ಚಿಹ್ನೆಗಳನ್ನು ಬಾಗಿಸುವ ಆಯ್ಕೆಯನ್ನೂ ತೆಗೆಯಬೇಕು. ನೂರು ಪುಟ ಟೈಪಿಸಿದ ಮೇಲೆ ಇದನ್ನು ಮಾಡಿದರೆ ಮೊದಲೇ ಆದ ತಪ್ಪುಗಳು ತಾವಾಗಿ ಸರಿಹೋಗುವುದಿಲ್ಲ, ಕಣ್ಣಾರೆ ಹುಡುಕಿ ತಿದ್ದಬೇಕಾಗುತ್ತದೆ.

ಕೀಲಿಮಣೆಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ವಿಂಡೋಸ್ ಜೊತೆಗೇ ಬರುವ ಕನ್ನಡದ ಕೀಲಿಮಣೆಗಳು ಎರಡು: ಭಾರತೀಯ ಲಿಪಿಗಳಿಗೆ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು ಮತ್ತು ಉಚ್ಚಾರಣೆಗೆ ತಕ್ಕಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ 'ಕನ್ನಡ ಫೊನೆಟಿಕ್'. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ ಇವೆರಡರಲ್ಲಿ ಯಾವುದೂ ಅಲ್ಲ. ನುಡಿ ತಂತ್ರಾಂಶ ಚಾಲೂ ಇರುವಾಗ ವಿಂಡೋಸ್‌ನ ಭಾಷೆಯನ್ನೂ ಕನ್ನಡಕ್ಕೆ ಇಟ್ಟರೆ ಒಂದೇ ಕೀಲಿಗೆ ಎರಡೆರಡು ಅರ್ಥಗಳು ಅಂಟಿಕೊಂಡು ಪದಗಳು ಕಲಸುಮೇಲೋಗರವಾಗುತ್ತವೆ. ನುಡಿ ಬಳಸುವಾಗ ಪರದೆಯ ಬಲ ತುದಿಯಲ್ಲಿ ಇಂಗ್ಲಿಷಿನ ಗುರುತೇ ಇರಬೇಕು. ಅದು ಬದಲಾಗಿದ್ದರೆ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಮರಳಬಹುದು. ನುಡಿಯಲ್ಲಿ ಭಾಷೆ ಬದಲಿಸುವ ಸ್ಕ್ರಾಲ್ ಲಾಕ್ ಕೀಲಿ ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲದಿರುವುದರಿಂದ, ವಿಂಡೋಸ್, ಕಂಟ್ರೋಲ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿ ಪರದೆಯ ಮೇಲೆ ಮೂಡುವ ಕೀಲಿಮಣೆಯಲ್ಲಿ ಅದನ್ನು ಹುಡುಕಿಕೊಳ್ಳಬೇಕು.

ಒಂದು ತಂತ್ರಾಂಶದಲ್ಲಿ ಮಾತ್ರ ಕನ್ನಡ ಮೂಡದಿದ್ದರೆ, ಆ ತಂತ್ರಾಂಶ 'ಅಡ್ಮಿನಿಸ್ಟ್ರೇಟರ್' ಅಧಿಕಾರದಲ್ಲಿ ತೆರೆದುಕೊಂಡಿದೆಯೇ ಎಂದು ಪರೀಕ್ಷಿಸಬೇಕು. ಕೆಳದರ್ಜೆಯ ಅಧಿಕಾರದಲ್ಲಿ ನಡೆಯುವ ತಂತ್ರಾಂಶವು ಮೇಲ್ದರ್ಜೆಯ ಕಿಟಕಿಗೆ ಅಕ್ಷರಗಳನ್ನು ಕಳುಹಿಸದಂತೆ ವಿಂಡೋಸ್ ತಡೆಯುವುದರಿಂದ, ನುಡಿಯನ್ನೂ ಆ ತಂತ್ರಾಂಶವನ್ನೂ ಒಂದೇ ದರ್ಜೆಯಲ್ಲಿ ತೆರೆಯುವುದೊಂದೇ ಉಪಾಯ.

ಹೊಸ ಬರವಣಿಗೆಯನ್ನಾದರೂ ಯೂನಿಕೋಡಿನಲ್ಲಿ ಆರಂಭಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಸೆಟ್ಟಿಂಗ್ಸ್‌ನ 'ಟೈಮ್ ಆ್ಯಂಡ್ ಲ್ಯಾಂಗ್ವೇಜ್' ವಿಭಾಗದಲ್ಲಿ ಕನ್ನಡವನ್ನು ಸೇರಿಸುವಾಗ ಅದನ್ನು ವಿಂಡೋಸ್‌ನ ಪ್ರದರ್ಶನ ಭಾಷೆಯಾಗಿಸುವ ಗುರುತು ಕಂಡರೆ, ಪಟ್ಟಿಗಳ ಹೆಸರುಗಳೂ ಬದಲಾಗುವುದು ಬೇಡವಾದವರು ಅದನ್ನು ತೆಗೆಯಬೇಕು. ಹಳೆಯ ಕಡತಗಳನ್ನು ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ತರಬಹುದಾದರೂ, ಅದನ್ನು ಮೂಲದ ಮೇಲಲ್ಲ, ಪ್ರತಿಯ ಮೇಲೆ ಮಾಡಬೇಕು. ನಡುವೆ ಬರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುವ ಸಾಧ್ಯತೆಯಿರುವುದರಿಂದ, ಸರ್ವೆ ನಂಬರು, ಹಣದ ಮೊತ್ತ, ಇಮೇಲ್ ವಿಳಾಸ ಇರುವ ಸಾಲುಗಳನ್ನು ಮೂಲದೊಡನೆ ಹೋಲಿಸಿಯೇ ಬಳಸಬೇಕು. ಯೂನಿಕೋಡಿನ ಕನ್ನಡ ಫಾಂಟಾದ ತುಂಗಾ ಕಾಣದಿದ್ದರೆ ಸ್ಟಾರ್ಟ್ ಪಟ್ಟಿಯಲ್ಲಿ 'ಆಪ್ಷನಲ್ ಫೀಚರ್ಸ್' ಎಂದು ಹುಡುಕಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿಕೊಳ್ಳಬೇಕು.

ಉಳಿದವು

ಡೆಸ್ಕ್‌ಟಾಪಿನ ಕಡತಗಳು ಒನ್‌ಡ್ರೈವ್ ಎಂಬ ಅಂತರ್ಜಾಲದ ಸಂಗ್ರಹಕ್ಕೆ ಸರಿದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ನಿಲ್ಲಿಸಬಹುದು. ಉಚಿತ ಜಾಗ 5 ಜಿಬಿ ಮಾತ್ರ, ಅಲ್ಲಿ ಅಳಿಸಿದ್ದು ಯಂತ್ರದಿಂದಲೂ ಅಳಿಯುತ್ತದೆ. ಪ್ರಿಂಟರು ಕಾಣದಿದ್ದರೆ ತಯಾರಕರ ಜಾಲತಾಣದಿಂದ ವಿಂಡೋಸ್ 11ರ ಡ್ರೈವರನ್ನೇ ಇಳಿಸಿಕೊಳ್ಳಬೇಕು. ಆಸ್ಕಿ ಕನ್ನಡ, ಯೂನಿಕೋಡ್ ಕನ್ನಡ ಮತ್ತು ಇಂಗ್ಲಿಷ್ ಮೂರೂ ಇರುವ ಒಂದು ಪುಟವನ್ನು ಹತ್ತನೆಯ ದಿನಕ್ಕೆ ಮುನ್ನವೇ ಮುದ್ರಿಸಿ, ಒತ್ತಕ್ಷರಗಳೂ ಅರ್ಕಾವತ್ತುಗಳೂ ಕಾಗದದ ಮೇಲೆ ತಮ್ಮ ಸ್ಥಾನದಲ್ಲಿವೆಯೇ ಎಂದು ನೋಡಿಕೊಂಡ ಬಳಿಕವಷ್ಟೇ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರನ್ನು ಅಳಿಸಬೇಕು.